ಕೌನ್ಸೆಲಿಂಗ್ ರೂಮಿಗೆ ಯಾರೂ ಬರುತ್ತಿಲ್ಲ, ಏನು ಮಾಡೋಣ?

ಪದವಿ ಕಾಲೇಜಿನ ಉಪನ್ಯಾಸಕಿ: ನಮ್ಮಲ್ಲಿ ಸುಮಾರು 800 ಮಕ್ಕಳಿದ್ದಾರೆ. ಕೌನ್ಸೆಲರ್ ವಾರಕ್ಕೆ ಎರಡು ದಿನ ಬಂದು ಕೂರುತ್ತಾರೆ. ರೂಮು ಖಾಲಿ. ಆದರೆ ಕ್ಲಾಸಿನಲ್ಲಿ ಮಂಕಾಗಿ ಕೂರುವವರು ಜಾಸ್ತಿಯಾಗಿದ್ದಾರೆ. ನಿಮ್ಮಲ್ಲಿ ಯಾವುದರಿಂದ ಉಪಯೋಗವಾಯಿತು, ಹೇಳಿ.

ಹಾಸ್ಟೆಲ್ ವಾರ್ಡನ್, 11 ವರ್ಷದಿಂದ: ಮೇಡಂ, ನಮ್ಮಲ್ಲೂ ಹೀಗೇ ಇತ್ತು. ರೂಮು ಪ್ರಿನ್ಸಿಪಾಲರ ಕೋಣೆಯ ಪಕ್ಕದಲ್ಲೇ ಇತ್ತು. ಯಾರಾದರೂ ಒಳಗೆ ಹೋದರೆ "ಅವನಿಗೆ ತಲೆ ಸರಿ ಇಲ್ಲವಂತೆ" ಎಂಬ ಮಾತು ಸಂಜೆಗೆ ಹಾಸ್ಟೆಲ್ ಮುಟ್ಟುತ್ತಿತ್ತು. ಲೈಬ್ರರಿಯ ಹಿಂದಿನ ಕೋಣೆಗೆ ಬದಲಾಯಿಸಿದೆವು. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು.

ಆದರೆ ನನಗೆ ಪಾಠವಾದದ್ದು ಮೆಸ್ಸಿನಲ್ಲಿ. ಒಬ್ಬ ಹುಡುಗ ಮೂರು ದಿನದಿಂದ ರಾತ್ರಿ ಊಟಕ್ಕೆ ಬಂದಿಲ್ಲ ಎಂದು ಹೇಳಿದ್ದು ಅಡುಗೆಯಕ್ಕ. ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವ ಮೇಷ್ಟ್ರು ಬರೆದಿಡುವ ಮೆಂಟರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ತೊಂದರೆ ಇಲ್ಲ" ಎಂದಿತ್ತು. ರೂಮಿಗೆ ಹೋಗಿ ಪಕ್ಕದಲ್ಲಿ ಕೂತೆ. ಕನ್ನಡ ಮೀಡಿಯಂನಿಂದ ಬಂದವನು, ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕು ವಿಷಯ ಹೋಗಿತ್ತು. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು. "ಸಾಯಬೇಕು ಅನ್ನಿಸುತ್ತಾ ಮಗಾ?" ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಅವನು ಹೂಂ ಎಂದು ಅತ್ತುಬಿಟ್ಟ. ಆ ರಾತ್ರಿ ಅವನನ್ನು ಒಬ್ಬನೇ ಬಿಡಲಿಲ್ಲ. ಅಲ್ಲೇ ಕೂತು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆವು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋದೆ. ಈಗ ಚೆನ್ನಾಗಿದ್ದಾನೆ.

ಅಂದಿನಿಂದ ಅಡುಗೆಯವರು, ವಾಚ್‌ಮನ್, ಲೈಬ್ರರಿಯವರನ್ನು ಮೊದಲು ಕೂರಿಸಿ ಮಾತಾಡುತ್ತೇವೆ. ಮೇಷ್ಟ್ರುಗಳಿಗೆ ಆಮೇಲೆ. ಊಟ ಬಿಡುವುದು, ಇಷ್ಟದ ವಸ್ತುಗಳನ್ನು ಸುಮ್ನೆ ಹಂಚುವುದು, ಗೆಳೆಯರಿಂದ ದೂರ ಸರಿಯುವುದು ಅವರ ಕಣ್ಣಿಗೇ ಮೊದಲು ಬೀಳುತ್ತದೆ. ಅವರು ಬುದ್ಧಿ ಹೇಳಬೇಕಿಲ್ಲ. ನಮಗೊಂದು ಮಾತು ತಿಳಿಸಿದರೆ ಸಾಕು.

ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ: ಮನೆಗೆ ಫೋನ್ ಹೋಗುತ್ತೆ ಅನ್ನೋದೇ ನಮಗೆ ದೊಡ್ಡ ಭಯ. ನಮ್ಮ ಕೌನ್ಸೆಲರ್ ಮೊದಲ ದಿನವೇ ಕ್ಲಾಸಿಗೆ ಬಂದು ಹೇಳಿದರು: "ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆಯವರಿಗೆ ತಿಳಿಸುತ್ತೇನೆ. ಅದನ್ನೂ ನಿಮಗೆ ಹೇಳಿಯೇ." ಅದನ್ನು ಕೇಳಿದ ಮೇಲೇ ನಾನು ಹೋದದ್ದು.

ಕಾಲೇಜು ಕೌನ್ಸೆಲರ್: ಎರಡು ದಿನ ಸಾಲದು ಮೇಡಂ. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಅರ್ಹ ಕೌನ್ಸೆಲರ್ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅದನ್ನು ಆಡಳಿತ ಮಂಡಳಿಯ ಮುಂದಿಡಿ. ಇನ್ನೊಂದು, ಸಾಯಲು ಯತ್ನಿಸಿದವರ ಮೇಲೆ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಬೇಕಾದದ್ದು ಆರೈಕೆ.

ಉಪನ್ಯಾಸಕಿ: ತುಂಬಾ ಉಪಕಾರವಾಯಿತು. ಸೋಮವಾರ ಕ್ಯಾಂಟೀನ್ ಅಣ್ಣನಿಂದಲೇ ಶುರು ಮಾಡುತ್ತೇನೆ. ಆದರೆ ನಮ್ಮ ವಾಚ್‌ಮನ್‌ಗಳು ಏಜೆನ್ಸಿಯವರು. ಆರು ತಿಂಗಳಿಗೊಮ್ಮೆ ಬದಲಾಗುತ್ತಾರಲ್ಲ?

ವಾರ್ಡನ್: ಬದಲಾದಾಗಲೆಲ್ಲ ಮತ್ತೆ ಕೂರಿಸಿ ಹೇಳಬೇಕು ಮೇಡಂ. ಅರ್ಧ ಗಂಟೆ, ಒಂದು ಟೀ ಸಾಕು.