ಸಹಾಯ ಬೇಕು: ವಿಲಿಯಂ ಮಾರ್ಷಲ್ ಮನೆತನದ ವಂಶವೃಕ್ಷ

1219ರಲ್ಲಿ ತೀರಿಕೊಂಡ ಪೆಂಬ್ರೋಕ್‌ನ ಅರ್ಲ್ (ಇಂಗ್ಲೆಂಡಿನ ಕುಲೀನರ ಒಂದು ಬಿರುದು) ವಿಲಿಯಂ ಮಾರ್ಷಲ್‌ನ ವಂಶವೃಕ್ಷ ಕಂಪ್ಯೂಟರಿನಲ್ಲಿ ಹಾಕುತ್ತಿದ್ದೇನೆ. ವಿಲಿಯಂ, ರಿಚರ್ಡ್, ಗಿಲ್ಬರ್ಟ್, ವಾಲ್ಟರ್, ಆನ್ಸೆಲ್ಮ್: ಐದೂ ಗಂಡುಮಕ್ಕಳು ಒಬ್ಬರ ನಂತರ ಒಬ್ಬರು ಅರ್ಲ್ ಆಗಿ, ಹಕ್ಕುದಾರ ಮಕ್ಕಳಿಲ್ಲದೆ 1245ರೊಳಗೆ ಸತ್ತರು. ಹಿರಿಮಗನಿಗೇ ಎಲ್ಲ ಎಂಬಂಥ ನಿಯಮ ಆಗ ಹೆಣ್ಣುಮಕ್ಕಳಿಗೆ ಇರಲಿಲ್ಲ. ಹಾಗಾಗಿ ಆಸ್ತಿ ವಿಲಿಯಂನ ಐವರು ಹೆಣ್ಣುಮಕ್ಕಳಾದ ಮಾಡ್, ಇಸಬೆಲ್, ಸಿಬಿಲ್, ಈವಾ, ಜೋನ್ ಶಾಖೆಗಳಿಗೆ ಸಮನಾಗಿ ಐದು ಪಾಲಾಯಿತು. ಮಾರ್ಷಲ್ ಎಂಬ ರಾಜನ ಆಸ್ಥಾನದ ಪದವಿ ಮಾತ್ರ ಹಿರಿಯಳಾದ ಮಾಡ್‌ಗೆ.

ತೊಡಕು ಸಿಬಿಲ್ ಶಾಖೆಯದು. ಏಳು ಹೆಣ್ಣುಮಕ್ಕಳು, ತಲಾ 1/35. ಅವರಲ್ಲೂ ಒಬ್ಬಳು ಮಾಡ್, ಒಬ್ಬಳು ಇಸಬೆಲ್, ಒಬ್ಬಳು ಸಿಬಿಲ್! ಈವಾಳ ಮಗಳೂ ಮಾಡ್. ತಂತ್ರಾಂಶ ಇವರನ್ನೆಲ್ಲ ಒಬ್ಬರೆಂದು ಬೆಸೆಯುತ್ತಿದೆ. ಗಂಡನ ಮನೆತನದ ಹೆಸರು ಸೇರಿಸಿದರೆ ಮರುಮದುವೆಯಾದವರು ಇಬ್ಬರಾಗಿ ಕಾಣುತ್ತಾರೆ. ತಂದೆಯ ಹೆಸರಿನಿಂದ ಗುರುತಿಸುವುದೇ ವಾಸಿಯೇ? ಪಾಲಿನ ಭಿನ್ನರಾಶಿಯನ್ನು ಎಲ್ಲಿ ನಮೂದಿಸುತ್ತೀರಿ? ಬಲ್ಲವರು ದಯವಿಟ್ಟು ತಿಳಿಸಿ.