ಅಡಿಕೆ ಬಿಲ್ಲಿನ ವೆಬ್ ಆ್ಯಪ್: ಟೆಸ್ಟಿಂಗ್‌ಗೆ ಸೆಲೆನಿಯಂ ಸಾಕಾ, ಪ್ಲೇರೈಟ್‌ಗೆ ಹೋಗಬೇಕಾ? ಅನುಭವ ಹೇಳಿ

ಬದಿಯಡ್ಕದಿಂದ (ಪ್ರಶ್ನೆ):
ಅಡಿಕೆ ಖರೀದಿ ಬಿಲ್ಲಿನ ಆ್ಯಪ್ ಉಂಟು, ಕನ್ನಡ-ಮಲೆಯಾಳ ಎರಡರಲ್ಲೂ. ತಾಲೂಕಿನ ಡ್ರಾಪ್‌ಡೌನ್, ತೂಕದ ಫೀಲ್ಡ್, ತಾರೀಕಿನ ಪಿಕರ್ ಮೂರಕ್ಕೂ ಸೇರಿ ಸೆಲೆನಿಯಂನಲ್ಲಿ (ಬ್ರೌಸರನ್ನು ತಾನೇ ಓಡಿಸಿ ಪರೀಕ್ಷಿಸುವ ಟೂಲ್, ಪ್ಲೇರೈಟೂ ಅಂಥದ್ದೇ) 60 ಟೆಸ್ಟ್. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಪಾಸ್, ಸಿಐಯಲ್ಲಿ (ಕೋಡ್ ಬದಲಾದಾಗ ಟೆಸ್ಟ್ ತಾನಾಗಿ ಓಡುವ ಮೆಷಿನ್) ದಿನಕ್ಕೆ ನಾಲ್ಕೈದು ಫೇಲ್. ಪ್ಲೇರೈಟ್‌ಗೆ ಬದಲಿಸಬೇಕಾ?

ಕುಂಬಳೆಯಿಂದ:
ಬದಲಿಸಿ ಮಾರಾಯ್ರೇ, ತಡ ಮಾಡಬೇಡಿ. ನಮ್ಮ 210 ಟೆಸ್ಟಿಗೆ ಇಬ್ಬರ ಆರು ವಾರ ಹಿಡಿಯಿತು, ಅದರಲ್ಲಿ ನಾಲ್ಕು ವಾರ ಹಳೆ ಎಕ್ಸ್‌ಪಾತ್ (ಪುಟದಲ್ಲಿ ಬಟನ್, ಫೀಲ್ಡ್ ಎಲ್ಲಿದೆ ಎಂದು ಹೇಳುವ ದಾರಿ) ಬಿಡಿಸುವುದಕ್ಕೇ ಹೋಯಿತು. ಆದರೂ ಲಾಭವೇ. ಕ್ಲಿಕ್ ಮಾಡುವ ಮೊದಲು ಬಟನ್ ಕಾಣುತ್ತದಾ, ಅಲುಗಾಡದೆ ನಿಂತಿದೆಯಾ, ಎನೇಬಲ್ ಆಗಿದೆಯಾ, ಮೇಲೆ ಏನಾದರೂ ಅಡ್ಡ ಬಂದಿದೆಯಾ ಎಂದು ಪ್ಲೇರೈಟೇ ನೋಡಿಕೊಳ್ಳುತ್ತದೆ. ಎಕ್ಸ್‌ಪೆಕ್ಟ್ (ಫಲಿತಾಂಶ ಸರಿಯಾ ಎಂದು ನೋಡುವ ಆದೇಶ) 5 ಸೆಕೆಂಡ್ ಕಾಯುತ್ತದೆ, ಇಡೀ ಟೆಸ್ಟಿಗೆ 30. ಟ್ರೇಸ್ (ಟೆಸ್ಟಿನ ಪ್ರತಿ ಹೆಜ್ಜೆಯ ದಾಖಲೆ) ಫೇಲಾದ ಟೆಸ್ಟಿನ ಮೊದಲ ರಿಟ್ರೈಗೆ ಮಾತ್ರ ಇಡಿ. ನಾವು ಎಲ್ಲದಕ್ಕೂ ಆನ್ ಮಾಡಿ, ಜಾಗ ತುಂಬಿ, ಒಂದು ರಿಲೀಸ್ ನಿಂತಿತ್ತು. ಡಾಕರ್ ಇಮೇಜ್‌ನಲ್ಲಿ (ಟೆಸ್ಟ್ ಓಡುವ ಸಿದ್ಧ ಪೆಟ್ಟಿಗೆ) ಕನ್ನಡ, ಮಲೆಯಾಳ ಫಾಂಟ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತುಂಬ ಬರೀ ಚೌಕ. ಅದು ಡೆಬಿಯನ್ ಲಿನಕ್ಸ್ ಆದರೆ ಫಾಂಟ್ಸ್-ನೋಟೊ-ಕೋರ್ ಹಾಕಿ, ಕನ್ನಡ ಮಲೆಯಾಳ ಎರಡೂ ಸಿಗುತ್ತದೆ.

ಮಂಜೇಶ್ವರದಿಂದ:
ನೀವು ಆರು ವಾರ ಸುರಿದಿರಿ ಅಂತ ಎಲ್ಲರೂ ಸುರಿಯಬೇಕಾ? ನಮ್ಮ ಜಾವಾ ಸೂಟ್ ಸೆಲೆನಿಯಂ 4ರಲ್ಲಿ ಗಟ್ಟಿಯಾಗಿ ಓಡುತ್ತಾ ಉಂಟು. 4.6ರಿಂದ ಬ್ರೌಸರನ್ನು ಓಡಿಸುವ ಡ್ರೈವರನ್ನೂ ಅದೇ ತಂದುಕೊಳ್ಳುತ್ತದೆ. ನಮಗೆ ಪೆಟ್ಟು ಬಿದ್ದದ್ದು ಎರಡು ಕಡೆ. ಇಂಪ್ಲಿಸಿಟ್ ವೇಟ್ (ಏನು ಹುಡುಕಿದರೂ ಕಾಯುವ ಸಮಯ) 10 ಸೆಕೆಂಡ್, ಎಕ್ಸ್‌ಪ್ಲಿಸಿಟ್ (ಒಂದು ಷರತ್ತಿಗೆಂದೇ ಕಾಯುವುದು) 15 ಎರಡೂ ಇಟ್ಟಿದ್ದೆವು. ಬೆರೆಸಿದರೆ 20 ಸೆಕೆಂಡಿಗೆ ಟೈಮ್‌ಔಟ್ ಆಗುವುದೂ ಉಂಟು, ಹಾಗೆ ಮಾಡಬೇಡಿ ಎಂದು ಸೆಲೆನಿಯಂನವರೇ ಬರೆದಿದ್ದಾರೆ. ಇಂಪ್ಲಿಸಿಟ್ ಸೊನ್ನೆ ಮಾಡಿದೆವು. ಇನ್ನೊಂದು ಡಾಕರ್: ಶೇರ್ಡ್ ಮೆಮೊರಿ ಡಿಫಾಲ್ಟಾಗಿ 64 ಎಂಬಿ ಮಾತ್ರ, ಕ್ರೋಮ್ ಟ್ಯಾಬ್ ನಡುವೆಯೇ ಕ್ರ್ಯಾಶ್. ಶಮ್-ಸೈಜ್ ಎಂಬ ಸೆಟ್ಟಿಂಗಿನಲ್ಲಿ ಅದನ್ನು 2 ಜಿಬಿ ಮಾಡಿದ ಮೇಲೆ ಸರಿಯಾಯಿತು. ಇಷ್ಟು ತಿಳಿಯಲಿಕ್ಕೆ ಹನ್ನೊಂದು ದಿನ ಹೋಯಿತು.

ಪೆರ್ಲದಿಂದ:
ಟೂಲಿನ ಜಗಳ ಆಮೇಲೆ. ಯಾವ ಹೊತ್ತಿಗೆ ಫೇಲ್ ಆಗುತ್ತದೆ ಎಂದು ಲಾಗ್ ನೋಡಿದ್ದೀರಾ? ಸಿಐ ಮೆಷಿನ್ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ವಿಶ್ವ ಸಮಯ). ನಮ್ಮ ರಾತ್ರಿ 12ರಿಂದ ಬೆಳಗ್ಗೆ 5.30ರವರೆಗೆ ಅಲ್ಲಿ ನಿನ್ನೆಯ ತಾರೀಕು. ಸರ್ವರ್ ಭಾರತದ ಸಮಯದಲ್ಲಿದ್ದರೆ ತಾರೀಕಿನ ಪಿಕರ್ ಟೆಸ್ಟ್ ಬಿದ್ದೇ ಬೀಳುತ್ತದೆ. ಬ್ರೌಸರಿನ ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಮಾಡಿ.

ಮಲೆಯಾಳದ ಚಿಲ್ಲಕ್ಷರದಲ್ಲಿ (ಸ್ವರ ಇಲ್ಲದ ವ್ಯಂಜನದ ಬೇರೆ ರೂಪ) ನಾವು ಎರಡು ತಿಂಗಳು ಒದ್ದಾಡಿದ್ದೇವೆ. ಅದಕ್ಕೆ ಸ್ವಂತ ಕೋಡ್ ಬಂದದ್ದು 2008ರಲ್ಲಿ, ಯುನಿಕೋಡ್ 5.1ಕ್ಕೆ. ಹಳೆ ಡೇಟಾದಲ್ಲಿ ಅದೇ ಅಕ್ಷರ ವ್ಯಂಜನ, ಚಂದ್ರಕ್ಕಲ (ಸ್ವರ ತೆಗೆಯುವ ಗುರುತು), ಝಡ್‌ಡಬ್ಲ್ಯುಜೆ (ಅಕ್ಷರ ಕೂಡಿಸುವ ಕಾಣದ ಚಿಹ್ನೆ) ಎಂದು ಮೂರು ತುಂಡು. ಕಣ್ಣಿಗೆ ಒಂದೇ, ಅಸರ್ಟ್‌ಗೆ (ಟೆಸ್ಟಿನ ಹೋಲಿಕೆಗೆ) ಬೇರೆ, ಎನ್‌ಎಫ್‌ಸಿ (ಒಡೆದ ಕೋಡುಗಳನ್ನು ಒಂದುಗೂಡಿಸುವ ಯುನಿಕೋಡ್ ಕ್ರಮ) ಮಾಡಿದರೂ ಹೊಂದುವುದಿಲ್ಲ. ಕೈಯಾರೆ ಮ್ಯಾಪ್ ಮಾಡಬೇಕು. ಕನ್ನಡದ ‘ಕೊ’ ಒಡೆದು ಬಂದರೆ ಎನ್‌ಎಫ್‌ಸಿ ಸಾಕು.

ಕುಂಬಳೆಯಿಂದ:
ಅದಕ್ಕೇ ಅಕ್ಷರ ನೋಡಿ ಹುಡುಕಲೇಬಾರದು ಅನ್ನುವುದು. ಎಲ್ಲದಕ್ಕೂ ಟೆಸ್ಟ್ ಐಡಿ (ಟೆಸ್ಟಿಗೆಂದೇ ಕೋಡಿನಲ್ಲಿ ಇಡುವ ಗುರುತು) ಹಾಕಿ.

ಪೆರ್ಲದಿಂದ:
ಹಾಗಾದರೆ ಲೇಬಲ್ ಇಲ್ಲದ ಬಟನ್ನೂ ಪಾಸ್ ಆಗುತ್ತದೆ, ಸ್ಕ್ರೀನ್ ರೀಡರ್ (ಪರದೆ ಓದಿ ಹೇಳುವ ತಂತ್ರಾಂಶ) ಬಳಸುವವರು ಎಂತ ಮಾಡಬೇಕು? ರೋಲ್ (ಬಟನ್ನಾ, ಲಿಂಕಾ ಎಂಬುದು) ಮತ್ತು ಲೇಬಲ್‌ನಿಂದ ಹುಡುಕಿ, ಹೆಸರನ್ನು ಅನುವಾದದ ಫೈಲಿನಿಂದಲೇ ಎತ್ತಿಕೊಳ್ಳಿ.

ಮಂಜೇಶ್ವರದಿಂದ:
ಆ ಫೈಲೇ ತಪ್ಪಿದ್ದರೆ? ನಮ್ಮ ಡ್ರಾಪ್‌ಡೌನ್‌ನಲ್ಲಿ ಹೊಸದುರ್ಗ ತಾಲೂಕಿಗೆ ಯಾರೋ ಕಾಞಂಗಾಡು ಎಂದು ಹಾಕಿದ್ದರು. ಟೆಸ್ಟೂ ಅದೇ ಫೈಲ್ ಓದಿ ಪಾಸ್.

ಕುಂಬಳೆಯಿಂದ:
ಕಾಞಂಗಾಡು ಅಂದರೆ ತಪ್ಪೆಂತದು? ತಾಲೂಕು ಕಚೇರಿ ಇರುವುದೇ ಅಲ್ಲಿ.

ಮಂಜೇಶ್ವರದಿಂದ:
ಅದು ಊರು. ತಾಲೂಕಿನ ಹೆಸರು ಹೊಸದುರ್ಗ. ಬಿಲ್ಲಿನಲ್ಲಿ ಬರಬೇಕಾದದ್ದು ತಾಲೂಕು. ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು ನಾಲ್ಕನ್ನೂ ಟೆಸ್ಟಿನೊಳಗೆ ಕೈಯಲ್ಲೇ ಬರೆದಿಡಿ, ಆಗ ಫೈಲ್ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ.