ಬೀಪ್ ಟೆಸ್ಟಲ್ಲಿ ಬೇಗ ಔಟಾದರೆ ಅನ್‌ಫಿಟ್ಟಾ?

ಪ್ರಶ್ನೆ: ಸರ್, ನಮಸ್ಕಾರ. ಮಗಳಿಗೆ 13 ವರ್ಷ. ಸ್ಕೂಲಲ್ಲಿ ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ಸರಿಯಾಗಿ ಓಡುವ ಪರೀಕ್ಷೆ) ಮಾಡಿಸಿದರು, ನಾಲ್ಕನೇ ನಿಮಿಷಕ್ಕೇ ಔಟ್. ಶೀಟಲ್ಲಿ ‘ಫಿಟ್‌ನೆಸ್ ಕಡಿಮೆ’ ಅಂತ ಬರೆದಿದ್ದಾರೆ. ಕತ್ತಲಾಗುವವರೆಗೂ ಆಡುವ ಹುಡುಗಿ ಅವಳು. ಇದು ಹೇಗೆ?

ಉತ್ತರ (ದೈಹಿಕ ಶಿಕ್ಷಕ): ಗಾಬರಿಯಾಗಬೇಡಿ. ಬೀಪ್ ಟೆಸ್ಟಲ್ಲಿ ಗೊತ್ತಾಗುವುದು ಹೃದಯ, ಶ್ವಾಸಕೋಶದ ದಮ್ಮು ಮಾತ್ರ. ಸ್ನಾಯುಗಳ ಬಲ, ಆ ಬಲ ಎಷ್ಟು ಹೊತ್ತು ತಾಳುತ್ತದೆ, ಮೈ ಎಷ್ಟು ಬಾಗುತ್ತದೆ, ಕೊಬ್ಬಿನ ಪಾಲೆಷ್ಟು, ಇವೆಲ್ಲ ಸೇರಿ ಫಿಟ್‌ನೆಸ್. ಅದಕ್ಕೇ ಪುಷ್ಅಪ್, ಕೂತು ಕೈ ಚಾಚುವುದು ಅಂತ ಬೇರೆ ಬೇರೆ ಟೆಸ್ಟ್ ಇರುವುದು.

ಬೀಪ್ ಟೆಸ್ಟಲ್ಲಿ 20 ಮೀಟರ್ ದೂರದಲ್ಲಿ ಎರಡು ಗೆರೆ ಇರುತ್ತವೆ. ಬೀಪ್ ಬರುವಷ್ಟರಲ್ಲಿ ಆಚೆ ಗೆರೆ ಮುಟ್ಟಬೇಕು. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಗಂಟೆಗೆ 8.5 ಕಿ.ಮೀ. ವೇಗದಿಂದ ಶುರು, ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಜಾಸ್ತಿ. ಅಂದರೆ ಮೊದಲ ನಿಮಿಷದಲ್ಲಿ ಆಚೆ ಗೆರೆಗೆ ಹೋಗಲು ಸುಮಾರು ಎಂಟೂವರೆ ಸೆಕೆಂಡ್ ಸಿಗುತ್ತದೆ. ಮೆಲ್ಲಗೆ ಓಡಿದರೂ ಸಾಕು. ಮಕ್ಕಳು ಎಡವುವುದೇ ಇಲ್ಲಿ. ಬಾಣದ ಹಾಗೆ ಓಡಿ, ಗೆರೆ ಹತ್ರ ಸುಮ್ನೆ ನಿಂತು ಬೀಪಿಗೆ ಕಾಯುತ್ತಾರೆ. ಕೆಲವರು ಗೆರೆ ದಾಟಿ ಮೂರು ಹೆಜ್ಜೆ ಹೋಗಿ, ಬಸ್ ತಿರುಗಿಸಿದ ಹಾಗೆ ದೊಡ್ಡ ಸುತ್ತು ಹಾಕುತ್ತಾರೆ. ದಮ್ಮೆಲ್ಲ ಅಲ್ಲೇ ಖಾಲಿ.

ಇನ್ನೊಂದು, ಈ ವಯಸ್ಸಲ್ಲಿ ಒಬ್ಬರು ಆಗಲೇ ಬೆಳೆದಿರುತ್ತಾರೆ, ಪಕ್ಕದವರು ಇನ್ನೂ ಚಿಕ್ಕ ಮಕ್ಕಳ ಹಾಗೇ ಇರುತ್ತಾರೆ. ಅವರಿಬ್ಬರಿಗೂ ರ‍್ಯಾಂಕ್ ಕೊಡುವುದು ನನಗಂತೂ ಹಿಡಿಸುವುದಿಲ್ಲ. ಅಮೆರಿಕದ ಕೂಪರ್ ಇನ್‌ಸ್ಟಿಟ್ಯೂಟ್ 1982ರಲ್ಲಿ ಶುರು ಮಾಡಿದ ಮಕ್ಕಳ ಫಿಟ್‌ನೆಸ್ ಪರೀಕ್ಷೆ ಫಿಟ್‌ನೆಸ್‌ಗ್ರಾಂ ಇದೆಯಲ್ಲ, ಅದರಲ್ಲಿ ರ‍್ಯಾಂಕ್ ಇಲ್ಲ. ಆರೋಗ್ಯಕ್ಕೆ ಬೇಕಾದ ಮಟ್ಟ ಮುಟ್ಟಿದ್ದೀಯಾ ಅಂತಷ್ಟೇ ನೋಡುತ್ತಾರೆ.

ಪ್ರಶ್ನೆ: ಹಾಗಾದರೆ ದಿನಾ ಇದನ್ನೇ ಪ್ರಾಕ್ಟೀಸ್ ಮಾಡಿಸಲಾ ಸರ್?

ಉತ್ತರ: ಅಯ್ಯೋ, ಬೇಡ! ಓಡುವ ಆಸೆಯೇ ಹೋಗಿಬಿಡುತ್ತದೆ. ತಿರುಗುವುದು ರೂಢಿಯಾಗಲು ಒಂದೆರಡು ಸಲ ಸಾಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವಳ ಆಟವೂ ಅದಕ್ಕೆ ಸೇರುತ್ತದೆ. ಓಡುವಾಗ ಎದೆನೋವು, ಉಬ್ಬಸ, ತಲೆಸುತ್ತು ಬಂದಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅಂಥದ್ದೇನೂ ಇಲ್ಲವಂತೆ. ಈಗಷ್ಟೇ ಕೇಳಿದೆ. ಮೊದಲ ಎರಡು ನಿಮಿಷ ಎಲ್ಲರಿಗಿಂತ ಮುಂದೆ ಅವಳೇ ಇದ್ದಳಂತೆ!

ಉತ್ತರ: ಸಿಕ್ಕಿತಲ್ಲ ಕಾರಣ 😄 ಮುಂದಿನ ಸಲ ಬೀಪಿಗಿಂತ ಮೊದಲೇ ಗೆರೆ ಮುಟ್ಟಬೇಡ, ಅದರ ಜೊತೆಗೇ ಮುಟ್ಟು ಅಂತ ಹೇಳಿ.